ಫಿಲ್ಟರ್ ಕಾಫಿ ಕುಡಿಯುವ ಮನೆಗೆ ಆಟೋಮ್ಯಾಟಿಕ್ ಎಸ್ಪ್ರೆಸೊ ಮಿಷನ್ ಆಗುತ್ತಾ?

ವಿಜಯನಗರ_ಲೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು, ವಿಜಯನಗರ ನಾಲ್ಕನೇ ಹಂತ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಹೆಂಡತಿ, ತಂಗಿ. ಬೀಜ ತುಂಬಿಸಿ ಬಟನ್ ಒತ್ತಿದರೆ ತಾನೇ ಪುಡಿ ಮಾಡಿ, ತಾನೇ ಕಾಫಿ ಇಳಿಸಿ, ಹಾಲಿನ ನೊರೆಯನ್ನೂ ಹಾಕಿಕೊಡುವ ಮಿಷನ್ ಬರುತ್ತದಲ್ಲ, ಅದರ ಮೇಲೆ ನನಗೂ ಹೆಂಡತಿಗೂ ಕಣ್ಣು. ಬಜೆಟ್ ಐವತ್ತರಿಂದ ಅರವತ್ತು ಸಾವಿರ. ಫಿಲಿಪ್ಸ್, ಡೆಲಾಂಗಿ ಎರಡನ್ನೂ ನೋಡುತ್ತಿದ್ದೇವೆ.

ಅಪ್ಪನದು ಬೇರೆಯೇ ಲೆಕ್ಕ. ಬೆಳಿಗ್ಗೆ ಐದಕ್ಕೆ ಎದ್ದು, ರಾತ್ರಿ ಇಳಿಸಿಟ್ಟ ಡಿಕಾಕ್ಷನ್‌ಗೆ ಕುದಿಯುವ ಹಾಲು ಹಾಕಿಕೊಂಡು ಕುಡಿಯುತ್ತಾರೆ. ಚಿಕೋರಿ ಇಲ್ಲದಿದ್ದರೆ ಅದು ಕಾಫಿಯೇ ಅಲ್ಲ ಅವರಿಗೆ. ಈ ಮಿಷನ್‌ನಲ್ಲಿ ಆ ರುಚಿ ಬರುತ್ತಾ? ಚಿಕೋರಿ ಬೆರೆಸಿದ ಪುಡಿ ಹಾಕಬಹುದಾ? ಅಡುಗೆಮನೆ ನಲ್ಲಿಗೆ ಬೋರ್ ನೀರು ಬರುತ್ತದೆ, ಅದರಿಂದ ತೊಂದರೆ ಇದೆಯಾ? ಇಟ್ಟುಕೊಂಡಿರುವವರು ಹೇಳಿ. ಅಂಗಡಿಯವರು ಎಲ್ಲದಕ್ಕೂ "ಆಗುತ್ತೆ ಸಾರ್" ಅನ್ನುತ್ತಾರೆ.

ಬೋಗಾದಿ_ಬೀಜ:
ನಮ್ಮ ಮನೆಯಲ್ಲಿದೆ, ದಿನಾ ಓಡುತ್ತೆ. ಮೊದಲು ರುಚಿಯ ವಿಷಯ. ಫಿಲ್ಟರ್‌ನಲ್ಲಿ ನೀರು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯುತ್ತದೆ. ಎಸ್ಪ್ರೆಸೊದಲ್ಲಿ ಸುಮಾರು 9 ಬಾರ್ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಡಬ್ಬದ ಮೇಲಿನ "15 ಬಾರ್" ಪಂಪಿನ ಗರಿಷ್ಠ ಶಕ್ತಿ ಅಷ್ಟೇ, ಅದನ್ನು ನೋಡಿ ಮರುಳಾಗಬೇಡಿ. ಹಾಗಾಗಿ ಎರಡೂ ಒಂದೇ ರುಚಿ ಬರಲ್ಲ. ಆದರೆ ಹತ್ತಿರಕ್ಕೆ ತರಬಹುದು, ನಾನು ಮಾಡುವುದು ಹೀಗೆ: ಮಿಷನ್‌ನ ಕ್ಯಾಪುಚಿನೊ, ಅಂದರೆ ನೊರೆ ಹಾಲಿನ ಕಾಫಿಯ ಬಟನ್ ಮರೆತುಬಿಡಿ. ಎಸ್ಪ್ರೆಸೊ ಎರಡು ಶಾಟ್, ಅಂದರೆ ಎರಡು ಸಲದಷ್ಟು ಲೋಟಕ್ಕೆ ಇಳಿಸಿ, ಒಲೆ ಮೇಲೆ ಕಾಯಿಸಿದ ಹಾಲು ಮೇಲಿಂದ ಸುರಿಯಿರಿ, ಸಕ್ಕರೆ ಹಾಕಿ. ಅಂದರೆ ಮಿಷನ್ ಅನ್ನು ಡಿಕಾಕ್ಷನ್ ಮಾಡುವ ಯಂತ್ರ ಅಂದುಕೊಳ್ಳಿ. ಹಿರಿಯರು ಮೊದಲ ದಿನ ಮುಖ ಸಿಂಡರಿಸುವುದು ರುಚಿಗಲ್ಲ, ಬಿಸಿ ಸಾಲದೆ. ಈ ಮಿಷನ್‌ಗಳು ಹಾಲನ್ನು 60–65 ಡಿಗ್ರಿ ಆಸುಪಾಸಿಗೆ ಬಿಸಿ ಮಾಡುತ್ತವೆ, ನಾವೋ ಹೊಗೆಯಾಡುವ ಲೋಟ ಹಿಡಿದು ಬೆಳೆದವರು. ಮೆನುವಿನಲ್ಲಿ ಕಾಫಿಯ ತಾಪಮಾನ ಹೈ ಮಾಡಿ, ಲೋಟಕ್ಕೆ ಮೊದಲು ಬಿಸಿನೀರು ಹಾಕಿ ಚೆಲ್ಲಿ.

ಬೀಜ ತರುವಾಗ ಮೈ ಎಣ್ಣೆ ಎಣ್ಣೆಯಾಗಿ ಹೊಳೆಯುವ ಕಪ್ಪು ಬೀಜ ಬೇಡ. ಆ ಎಣ್ಣೆ ಗ್ರೈಂಡರ್‌ಗೆ ಮೆತ್ತಿಕೊಳ್ಳುತ್ತದೆ, ಬೀಜ ಕೆಳಗೆ ಜಾರದೆ ನಿಲ್ಲುತ್ತದೆ. ಮಧ್ಯಮ ಹುರಿದದ್ದು ಕೇಳಿ. ನಮ್ಮ ಮೈಸೂರಲ್ಲಿ ಎದುರಿಗೇ ಹುರಿದು ಕೊಡುವ ಅಂಗಡಿಗಳಿಗೆ ಬರವೇ? "ಪುಡಿ ಮಾಡಬೇಡಿ, ಬೀಜವಾಗಿಯೇ ಕೊಡಿ" ಅಂದರೆ ಆಯಿತು. ಅರೇಬಿಕಾ ಜೊತೆ ಸ್ವಲ್ಪ ಕೊಡಗಿನ ರೋಬಸ್ಟಾ ಸೇರಿಸಿ. ಕಾಫಿಯ ಮೇಲಿನ ಕಂದು ನೊರೆಯೂ ಖಡಕ್ಕೂ ಅದರಿಂದಲೇ. ಇಟಲಿಯವರು ನಮ್ಮ ರೋಬಸ್ಟಾ ಕೊಳ್ಳುವುದು ಸುಮ್ನೆ ಅಲ್ಲ, ಭಾರತದ ಕಾಫಿಗೆ ದೊಡ್ಡ ಗಿರಾಕಿ ಅವರೇ.

ಮಂಡ್ಯ_ಸ್ಪ್ಯಾನರ್:
ನಾನು ಮಿಕ್ಸಿ, ಗ್ರೈಂಡರ್, ಈ ಕಾಫಿ ಮಿಷನ್ ಎಲ್ಲ ಬಿಚ್ಚಿ ಕಟ್ಟುವವನು. ಚಿಕೋರಿಗೆ ನೇರ ಉತ್ತರ: ಬೇಡ. ಪುಡಿ ಹಾಕಲು ಪಕ್ಕದಲ್ಲಿ ಒಂದು ಬಾಯಿ ಇರುತ್ತದೆ ನಿಜ. ಅದು ಕೆಫೀನ್ ಇಲ್ಲದ ಕಾಫಿ ಕುಡಿಯುವವರಿಗೋ, ಒಂದು ಕಪ್ ಬೇರೆ ಪುಡಿಯಲ್ಲಿ ಬೇಕೆನ್ನುವವರಿಗೋ ಇಟ್ಟದ್ದು. ಒಂದು ಸಲಕ್ಕೆ ಒಂದು ಚಮಚ, ಒಂದು ಕಪ್. ಚಿಕೋರಿ ನೀರಿನಲ್ಲಿ ಕಾಫಿಗಿಂತ ಜಾಸ್ತಿ ಕರಗುತ್ತದೆ, ನೆನೆದು ಮೆತ್ತಗಾಗುತ್ತದೆ. ಅದಕ್ಕೇ ನಿಮ್ಮ ತಂದೆಯವರ ಡಿಕಾಕ್ಷನ್ ಅಷ್ಟು ಗಟ್ಟಿ. ಒತ್ತಡದ ಮಿಷನ್‌ನಲ್ಲಿ ಅದೇ ಗುಣ ಜರಡಿಯ ಸಣ್ಣ ತೂತುಗಳಿಗೆ ಅಂಟಾಗಿ ಕೂರುತ್ತದೆ, ಕಾಫಿ ತೊಟ್ಟಿಕ್ಕಲು ಶುರು.

ನೀರಿನ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಬೋರ್ ನೀರು ಗಡಸು. ಪಾತ್ರೆ ತಳಕ್ಕೆ ಬಿಳಿ ಕಟ್ಟುವುದು ನೋಡಿದ್ದೀರಲ್ಲ, ಅದೇ ಸುಣ್ಣ ಮಿಷನ್ ಒಳಗಿನ ಸಣ್ಣ ಕೊಳವೆಗಳಿಗೂ ಹೀಟರ್‌ಗೂ ಹಿಡಿಯುತ್ತದೆ. ನನ್ನ ಮೇಜಿಗೆ ಬರುವ ಮಿಷನ್‌ಗಳಲ್ಲಿ ಕೆಟ್ಟ ಮೋಟಾರ್‌ಗಿಂತ ಸುಣ್ಣ ಕಟ್ಟಿದ್ದೇ ಹೆಚ್ಚು. ಕಾವೇರಿಯದೋ ಕಬಿನಿಯದೋ ನೀರು ಬರುವ ನಲ್ಲಿ ಇದ್ದರೆ ಅದನ್ನೇ ಹಿಡಿದಿಟ್ಟು, ಫಿಲ್ಟರ್ ಮಾಡಿ ಹಾಕಿ. ಡಬ್ಬದಲ್ಲಿ ಬರುವ, ನೀರಿಗೆ ಅದ್ದಿ ನೋಡುವ ಪಟ್ಟಿಯಿಂದ ನೀರಿನ ಗಡಸುತನ ನೋಡಿ, ಮೆನುವಿನಲ್ಲಿ ಆ ಅಂಕಿ ಕೊಡಿ. ಡೀಸ್ಕೇಲ್ (ಸುಣ್ಣ ತೆಗೆಯಿರಿ ಅನ್ನುವ) ದೀಪ ಯಾವಾಗ ಹತ್ತಬೇಕು ಅನ್ನುವ ಲೆಕ್ಕವನ್ನು ಮಿಷನ್ ಹಾಕುವುದೇ ಅದರ ಮೇಲೆ, ಜನ ಇದೊಂದನ್ನು ಮುಟ್ಟುವುದೇ ಇಲ್ಲ. ಕಂಪನಿ ಹೇಳಿದ ದ್ರಾವಣವನ್ನೇ ಬಳಸಿ. ವಿನೆಗರ್ ಬೇಡ, ರಬ್ಬರ್ ವಾಷರ್‌ಗಳಿಗೆ ಆಗಿಬರಲ್ಲ.

ಇನ್ನೊಂದು. ಫಿಲಿಪ್ಸ್, ಡೆಲಾಂಗಿ ಎರಡರಲ್ಲೂ ಕಾಫಿ ಒತ್ತುವ ಭಾಗವನ್ನು ಹೊರಗೆ ತೆಗೆದು ನಲ್ಲಿ ಕೆಳಗೆ ಹಿಡಿಯಬಹುದು. ವಾರಕ್ಕೊಮ್ಮೆ ಬರೀ ನೀರಲ್ಲಿ ತೊಳೆಯಿರಿ, ಸೋಪು ಬೇಡ, ಒಣಗಿಸಿ ಹಾಕಿ. ಜೂರಾ ಕಂಪನಿಯ ಮಿಷನ್‌ನಲ್ಲಿ ಅದು ಹೊರಗೆ ಬರಲ್ಲ, ಮಾತ್ರೆ ಹಾಕಿ ಒಳಗೇ ತೊಳೆಯಬೇಕು. ಪುಡಿ ನುಣುಪು ಬದಲಿಸುವ ಗುಂಡಿಯನ್ನು ಗ್ರೈಂಡರ್ ತಿರುಗುವಾಗ ಮಾತ್ರ ತಿರುಗಿಸಿ. ಮಿಷನ್ 1,500 ವ್ಯಾಟ್ ಹತ್ತಿರ ಎಳೆಯುತ್ತದೆ, ಮನೆಯ ಚಿಕ್ಕ ಯುಪಿಎಸ್ ಲೈನಿಗೆ ಸಿಕ್ಕಿಸಬೇಡಿ.

ಸರಸ್ವತಿಪುರಂ_ಸೊಸೆ:
ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಇದು ಒಬ್ಬೊಬ್ಬರಿಗೆ ಮಾಡುವ ಮಿಷನ್. ದಸರಾಗೆ ನೆಂಟರು ಬಂದು ಹಾಲ್ ತುಂಬಾ ಕೂತಾಗ ಒಂದೊಂದು ಕಪ್ಪಿಗೂ ಗರ್ ಅಂತ ಪುಡಿಯಾಗಿ, ಸೊರ್ ಅಂತ ಇಳಿದು, ಮಧ್ಯದಲ್ಲಿ "ನೀರು ತುಂಬಿಸಿ", ಆಮೇಲೆ "ಚರಟ ಚೆಲ್ಲಿ", ಆಮೇಲೆ "ತಟ್ಟೆ ಖಾಲಿ ಮಾಡಿ" ಅಂತ ದೀಪ ಮಿನುಗುತ್ತಾ ಇರುತ್ತೆ, ಕೊನೆಯವರಿಗೆ ಕಾಫಿ ಸಿಗುವಷ್ಟರಲ್ಲಿ ಮೊದಲನೆಯವರು ಚಪ್ಪಲಿ ಹಾಕಿಕೊಂಡಿರುತ್ತಾರೆ. ನಮ್ಮ ಹಿತ್ತಾಳೆ ಫಿಲ್ಟರ್ ಅಟ್ಟ ಹತ್ತಿಲ್ಲ, ಹತ್ತುವುದೂ ಇಲ್ಲ.

ಶಬ್ದವೂ ಇದೆ. ನಿಮ್ಮ ತಂದೆಯವರು ಐದಕ್ಕೆ ಬಟನ್ ಒತ್ತಿದರೆ ಮನೆಯೆಲ್ಲ ಏಳುತ್ತದೆ. ಆನ್ ಮಾಡಿದಾಗ ಒಮ್ಮೆ, ಆಫ್ ಮಾಡಿದಾಗ ಒಮ್ಮೆ ತನ್ನ ಬಾಯಿ ತಾನೇ ತೊಳೆದುಕೊಳ್ಳುತ್ತದೆ, ಆ ನೀರೇ ಕೆಳಗಿನ ತಟ್ಟೆಯಲ್ಲಿ ನಿಲ್ಲುವುದು. ಮಿಷನ್ ಸೋರುತ್ತಿದೆ ಅಂತ ಗಾಬರಿ ಬೀಳಬೇಡಿ. ಮಳೆಗಾಲದಲ್ಲಿ ಊರಿಗೆ ಹೋಗುವ ಮುಂಚೆ ಚರಟದ ಡಬ್ಬಿ ಖಾಲಿ ಮಾಡಿ ಹೋಗಿ, ಇಲ್ಲದಿದ್ದರೆ ಬೂಷ್ಟು ಗ್ಯಾರಂಟಿ.

ಆದರೂ ಮಿಷನ್ ಮಾರುವುದಿಲ್ಲ, ಹೇಳಿಬಿಡುತ್ತೇನೆ. ಮಧ್ಯಾಹ್ನ ಮೂರಕ್ಕೆ ನನಗೊಬ್ಬಳಿಗೆ ಬೇಕಾದಾಗ ಯಾರನ್ನೂ ಕೇಳದೆ, ಪಾತ್ರೆ ಮುಸುರೆ ಮಾಡದೆ ಒಂದು ಲೋಟ ಸಿಗುತ್ತದಲ್ಲ, ಆ ಸುಖ ಬೇರೆ.

ವಿಜಯನಗರ_ಲೋಟ:
ತುಂಬಾ ಥ್ಯಾಂಕ್ಸ್. ಹಾಗಾದರೆ ಅಪ್ಪನ ಫಿಲ್ಟರ್ ಅಪ್ಪನಿಗೇ ಇರಲಿ. ತಂಗಿಗೆ ಮಾತ್ರ ಆ ನೊರೆ ಕಾಫಿ ಬೇಕೇ ಬೇಕಂತೆ. ಪ್ಯಾಕೆಟ್ ಹಾಲನ್ನು ಕಾಯಿಸದೆ ಹಾಕಲು ಅಮ್ಮ ಬಿಡಲ್ಲ. ಕಾಯಿಸಿದ ಹಾಲು ನಡೆಯುತ್ತಾ? ಹಾಲಿನ ಜಗ್ ಇರುವ ಮಾಡೆಲ್‌ಗೆ ಜಾಸ್ತಿ ದುಡ್ಡು ಕೊಡಬೇಕಾ?

ಬೋಗಾದಿ_ಬೀಜ:
ಕಾಯಿಸಿದ್ದೇ ನಡೆಯುತ್ತೆ, ಆದರೆ ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗಾಗಿರಬೇಕು. ಬಿಸಿ ಹಾಲು ನೊರೆ ಕಟ್ಟಲ್ಲ. ಮುಖ್ಯವಾಗಿ ಕೆನೆ ಸೋಸಿ ಹಾಕಿ, ಕೆನೆಯ ಒಂದು ಚೂರು ಹೋದರೂ ಜಗ್ಗಿನ ಸಣ್ಣ ನಳಿಕೆ ಕಟ್ಟಿಕೊಳ್ಳುತ್ತದೆ. ನಂದಿನಿ ನೀಲಿ ಪ್ಯಾಕೆಟ್ ಸಾಕು, ಅದರ 3% ಕೊಬ್ಬಿಗೇ ನೊರೆ ಚೆನ್ನಾಗಿ ಬರುತ್ತದೆ.

ಜಗ್ ಮಾಡೆಲ್ ಬೇಕಾ ಅನ್ನುವುದು ತೊಳೆಯುವವರು ಯಾರು ಅನ್ನುವುದರ ಮೇಲೆ. ಕುಡಿದ ತಕ್ಷಣ ತೊಳೆಯದಿದ್ದರೆ ನಮ್ಮ ಸೆಕೆಗೆ ಸಂಜೆಯೊಳಗೆ ಹುಳಿ ವಾಸನೆ. ತಂಗಿ ತೊಳೆಯುತ್ತಾಳೆ ಅಂದರೆ ತಗೊಳ್ಳಿ. ಇಲ್ಲವಾದರೆ ಹಾಲಿಗೆ ಆವಿ ಊದಿ ನೊರೆ ಮಾಡುವ ಬರೀ ಆವಿ ಕೊಳವೆ ಇರುವ ಮಾಡೆಲ್ ಸಾಕು, ಉಳಿದ ದುಡ್ಡಿಗೆ ಒಳ್ಳೆ ಬೀಜ ಕುಡಿಯಬಹುದು.

ಮಂಡ್ಯ_ಸ್ಪ್ಯಾನರ್:
ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ ಸಾರ್. ನೀವು ದಿನಾ ಕುಡಿಯುವ ಬೀಜ ಕಾಲು ಕೆಜಿ ತಗೊಂಡು ಡೆಮೊ ಇರುವ ಅಂಗಡಿಗೆ ಹೋಗಿ, ಅದನ್ನೇ ಹಾಕಿಸಿ ಕುಡಿದು ನೋಡಿ. ಮೊದಲ ಎರಡು ಕಪ್ ಲೆಕ್ಕಕ್ಕಿಲ್ಲ, ಹಳೇ ಬೀಜದ ಪುಡಿ ಒಳಗೆ ಉಳಿದಿರುತ್ತೆ. ಸರ್ವಿಸ್‌ನವರು ಮೈಸೂರಿಗೇ ಬರುತ್ತಾರಾ, ಇಲ್ಲ ಮಿಷನ್ ಬೆಂಗಳೂರಿಗೆ ಕಳಿಸಬೇಕಾ, ಅದನ್ನು ಬಾಯಿಮಾತಲ್ಲಿ ಅಲ್ಲ, ಬಿಲ್ ಮೇಲೆ ಬರೆಸಿಕೊಳ್ಳಿ. ಥರ್ಮಾಕೋಲ್ ಸಮೇತ ಡಬ್ಬ ಎಸೆಯಬೇಡಿ.