ಜವೆಗೋಧಿ ಕೇಳಿದರೆ ಸಿಕ್ಕಿದ್ದು ಬಾರ್ಲಿಯೇ?

ಪ್ರಶ್ನೆ (ಧಾರವಾಡದಿಂದ): ಸರ್, ನಮಸ್ಕಾರ. ಅತ್ತೆಯವರಿಗೆ ಬಾರ್ಲಿ ನೀರು ಕೊಡಿ ಎಂದು ವೈದ್ಯರು ಹೇಳಿದ್ದಾರೆ. ನಿಘಂಟಿನಲ್ಲಿ ಬಾರ್ಲಿಗೆ ಜವೆಗೋಧಿ ಎಂದಿತ್ತು. ಸಂತೆಯಲ್ಲಿ ಅದೇ ಹೆಸರು ಹೇಳಿ ತಂದೆ. ಕೆಂಪಗಿನ ಉದ್ದ ಕಾಳು. ಎಷ್ಟು ಕುದಿಸಿದರೂ ನೀರು ಲೋಳೆಯಾಗುತ್ತಿಲ್ಲ. ಹಳೆಯ ಕಾಳು ಕೊಟ್ಟರೇ?

ಉತ್ತರ (ಧಾನ್ಯ ತಳಿ ವಿಜ್ಞಾನಿ): ಕಾಳು ಚೆನ್ನಾಗಿಯೇ ಇದೆ ಮೇಡಂ, ಹೆಸರು ಕೈಕೊಟ್ಟಿದೆ. ನೀವು ತಂದದ್ದು ಸದಕ, ಕಪ್ಲಿ ಎಂದೆಲ್ಲ ಕರೆಯುವ ಗೋಧಿ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಜವೆಗೋಧಿ ಎಂದೂ ಹೇಳುತ್ತಾರೆ. ನಿಮ್ಮ ಊರಿನ ಕೃಷಿ ವಿಶ್ವವಿದ್ಯಾಲಯವೇ ಡಿಡಿಕೆ 1025, ಡಿಡಿಕೆ 1029 ಎಂಬ ಸದಕ ತಳಿಗಳನ್ನು ಕೊಟ್ಟಿದೆ. ಹುಗ್ಗಿ, ಶ್ಯಾವಿಗೆ ಮಾಡಿ, ವ್ಯರ್ಥವಾಗುವುದಿಲ್ಲ.

ಬಾರ್ಲಿ ಬೇರೆಯೇ ಕುಲದ ಧಾನ್ಯ. ಅಂಗಡಿಯಲ್ಲಿ ಸಿಗುವುದು ಸಿಪ್ಪೆ ಉಜ್ಜಿ ತೆಗೆದ ಬಿಳಿ ಗುಂಡು ಕಾಳು, ಒಂದು ಬದಿಗೆ ಕಂದು ಗೀರು ಇರುತ್ತದೆ. ಕುದಿಸಿದಾಗ ನೀರು ಮಂದವಾಗುವುದು ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರಿನಿಂದ. ಗೋಧಿಯಲ್ಲಿ ಈ ನಾರು ತೀರಾ ಕಡಿಮೆ. ಇನ್ನು ಮುಂದೆ ಜವೆ ಎನ್ನಬೇಡಿ, ‘ಬಾರ್ಲಿ’ ಎಂದೇ ಕೇಳಿ.

ಪ್ರಶ್ನೆ (ಬೆಳಗಾವಿಯಿಂದ): ನಮ್ಮಲ್ಲಿ ಜವಸ ಎಂದರೆ ಅಗಸೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಗಿಡಗಳಿಗೆ ಸಂಬಂಧವೇ ಇಲ್ಲ. ಜವಸ ಮರಾಠಿಯ ಮಾತು, ಎಣ್ಣೆಕಾಳು. ಬಾರ್ಲಿಗೆ ಮರಾಠಿಯಲ್ಲಿ ಸಾತು ಎನ್ನುತ್ತಾರೆ. ನಮ್ಮ ಜವೆ ಬಂದದ್ದು ಸಂಸ್ಕೃತದ ಯವದಿಂದ. ಯಾತ್ರೆ ಜಾತ್ರೆಯಾದ ದಾರಿಯೇ. ವೇದದ ಯವ ಎಲ್ಲ ಕಡೆಯೂ ಬಾರ್ಲಿಯೇ ಎಂದು ಪಟ್ಟು ಹಿಡಿಯಲಾಗದು, ಕೆಲವೆಡೆ ಬರೀ ಧಾನ್ಯ ಎಂಬ ಅರ್ಥವೂ ಹೊಂದುತ್ತದೆ. ಆದರೆ ವ್ರೀಹಿ-ಯವ ಎಂದು ಜೋಡಿಯಾಗಿ ಬಂದಾಗ ಭತ್ತ ಮತ್ತು ಬಾರ್ಲಿ ಎಂದೇ ತಿಳಿಯುತ್ತಾರೆ. ಅಮರಕೋಶ ಇದನ್ನು ಶಿತಶೂಕ ಎಂದೂ ಕರೆದಿದೆ, ಚೂಪು ಮುಳ್ಳಿನ ತೆನೆಯದು ಎಂದು. ಬಾರ್ಲಿ ಹೊಲದಲ್ಲಿ ಕೈಯಾಡಿಸಿದವರು ಒಪ್ಪುವ ಹೆಸರು! ಅಳತೆಗೂ ಇದೇ ಕಾಳು: ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಯವದ ನಡುಭಾಗ ಸೇರಿದರೆ ಒಂದು ಅಂಗುಲ. ಹಸ್ತರೇಖೆ ನೋಡುವವರು ಹೆಬ್ಬೆರಳ ಗೆಣ್ಣಿನಲ್ಲಿ ಹುಡುಕುವ ಯವರೇಖೆಯೂ ಕಾಳಿನ ಆಕಾರದ್ದೇ. ಅದರ ಫಲವನ್ನು ಮಾತ್ರ ನನ್ನನ್ನು ಕೇಳಬೇಡಿ.

ಪ್ರಶ್ನೆ: ಗ್ಲುಟೆನ್ (ಗೋಧಿಯ ಅಂಟು ಪ್ರೋಟೀನ್) ಆಗದವರು ಗೋಧಿ ಬಿಟ್ಟು ಬಾರ್ಲಿ ತಿನ್ನಬಹುದೇ?

ಉತ್ತರ: ಬೇಡ. ಸೀಲಿಯಾಕ್, ಅಂದರೆ ಗ್ಲುಟೆನ್ ತಿಂದರೆ ಕರುಳು ಕೆಡುವ ಕಾಯಿಲೆ ಇರುವವರಿಗೆ ಬಾರ್ಲಿಯೂ ಆಗದು, ಸದಕವೂ ಆಗದು. ಬಾರ್ಲಿಯಿಂದ ತಯಾರಿಸಿದ ಮಾಲ್ಟ್ ಪುಡಿಗಳೂ ಅಷ್ಟೇ. ಅಕ್ಕಿ, ರಾಗಿ, ಜೋಳ ಇವೆಯಲ್ಲ.

ಪ್ರಶ್ನೆ: ನವರಾತ್ರಿಯ ಘಟಸ್ಥಾಪನೆಗೆಂದು ಬಾರ್ಲಿ ಬಿತ್ತಿದೆವು, ಒಂದೂ ಮೊಳೆಯಲಿಲ್ಲ. ಅಪಶಕುನ ಎಂದು ಮನೆಯಲ್ಲಿ ಎಲ್ಲರಿಗೂ ಬೇಸರ.

ಉತ್ತರ: ಶಕುನದ ಪ್ರಶ್ನೆಯೇ ಇಲ್ಲ. ನೀವು ಬಿತ್ತಿದ್ದು ಅಡುಗೆಯ ಬಿಳಿ ಬಾರ್ಲಿ ಇರಬೇಕು. ಸಿಪ್ಪೆ ಉಜ್ಜುವಾಗ ಮೊಳಕೆಯ ಭಾಗವೂ ಹೋಗಿಬಿಡುತ್ತದೆ. ಅಂಥ ಕಾಳನ್ನು ಯಾರು ಬಿತ್ತಿದರೂ ಏಳದು. ಪೂಜಾ ಸಾಮಗ್ರಿ ಅಂಗಡಿಯಲ್ಲಿ ಸಿಪ್ಪೆ ಸಮೇತದ, ಎರಡೂ ತುದಿ ಚೂಪಾದ ಹಳದಿ ಕಾಳು ಕೇಳಿ. ಬೀಜದಂಗಡಿಯಿಂದ ತಂದರೆ ಅದಕ್ಕೆ ಔಷಧ ಸವರಿರುತ್ತಾರೆ, ಉಳಿದದ್ದನ್ನು ಅಡುಗೆಗೆ ಹಾಕಬೇಡಿ.