ಅಜ್ಜಿಯ ವಜ್ರದೋಲೆಯಿಂದ ಬ್ರೇಸ್‌ಲೆಟ್: 22 ಕ್ಯಾರೆಟ್ಟೋ, 18 ಕ್ಯಾರೆಟ್ಟೋ?

ತೋಟದಮನೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರು ಮೊಮ್ಮಗಳಿಗೆಂದು ಏಳು ಕಲ್ಲಿನ ಒಂದು ಜೊತೆ ವಜ್ರದೋಲೆಯನ್ನೂ ಒಟ್ಟು 40 ಗ್ರಾಂ ತೂಗುವ ಎರಡು ಕಡಗಗಳನ್ನೂ ಇಟ್ಟುಹೋಗಿದ್ದಾರೆ. ಮಗಳು ಅಷ್ಟು ದೊಡ್ಡ ಓಲೆ ಹಾಕುವವಳಲ್ಲ. ಬ್ರೇಸ್‌ಲೆಟ್ ಮಾಡಿಸಿದರೆ ಆಫೀಸಿಗೂ ಹಾಕಿಕೊಂಡು ಹೋಗುತ್ತೇನೆ ಎನ್ನುತ್ತಾಳೆ. ಹಾಸನದಲ್ಲಿ ಮೂರು ತಲೆಮಾರಿನಿಂದ ನಮಗೆ ಒಡವೆ ಮಾಡಿಕೊಡುತ್ತಿರುವ ಆಚಾರ್ಯರು 22 ಕ್ಯಾರೆಟ್‌ನಲ್ಲೇ ಮಾಡೋಣ ಎಂದರೆ, ಬೆಂಗಳೂರಿನ ಅಂಗಡಿಯವರು 18 ಕ್ಯಾರೆಟ್ ಆದರೆ ಮಾತ್ರ ವಜ್ರ ಕೂರಿಸುತ್ತೇವೆ ಎನ್ನುತ್ತಾರೆ. ಮನೆಯ ಚಿನ್ನವನ್ನು ‘ಇಳಿಸಲು’ ನನಗೆ ಮನಸ್ಸಿಲ್ಲ. ಹದಿನಾಲ್ಕು ಕಲ್ಲುಗಳು ಕೈಸುತ್ತಲೂ ಬರುವಂತೆ ಮಾಡಬಹುದೇ? ಬೇಲೂರಿನ ಮದನಿಕೆಯರ ಕೈಯಲ್ಲಿರುವಂಥ ಕೆತ್ತನೆಯೂ ಇರಲಿ ಎಂಬ ಆಸೆಯಿದೆ.

ಕುಲುಮೆ, ಹಾಸನ

ತೋಟದಮನೆಯವರೇ, ನಮ್ಮ ತಂದೆ ಒಡವೆಯ ಕೆಲಸದವರು. ಅವರ ಪಕ್ಕ ಕೂತು ಕಲಿತದ್ದನ್ನು ಹೇಳುತ್ತೇನೆ. ನಿಮ್ಮ ಆಚಾರ್ಯರ ಮಾತೂ ತಪ್ಪಲ್ಲ, ಬೆಂಗಳೂರಿನವರದ್ದೂ ತಪ್ಪಲ್ಲ. ಇಬ್ಬರ ಮನಸ್ಸಿನಲ್ಲಿರುವ ಒಡವೆಗಳೇ ಬೇರೆ. ಹಳೆಯ ಓಲೆಯಲ್ಲಿ ಕಲ್ಲಿನ ಸುತ್ತ ಚಿನ್ನದ ಅಂಚನ್ನು ಒತ್ತಿ, ಹಿಂಬದಿ ಮುಚ್ಚಿ ಕಟ್ಟಿರುತ್ತಾರೆ. ಅಲ್ಲಿ ಚಿನ್ನ ಮೆತ್ತಗಿದ್ದಷ್ಟೂ ಕೆಲಸ ಸಲೀಸು, ಕಿವಿಗೆ ಪೆಟ್ಟು ಬೀಳುವುದೂ ಅಪರೂಪ. ಕೈಗೆ ಹಾಕಿದ್ದು ಮೇಜಿಗೆ, ಕಾರಿನ ಬಾಗಿಲಿಗೆ, ಸಿಂಕಿನ ಅಂಚಿಗೆ ದಿನಕ್ಕೆ ಹತ್ತು ಸಲ ತಾಗುತ್ತದೆ. ಅಕ್ಕಿನುಚ್ಚಿನಷ್ಟು ಸಣ್ಣ ನಾಲ್ಕು ಹಲ್ಲುಗಳು ಹಿಡಿದುಕೊಂಡಿರುವ ಕಲ್ಲು 22 ಕ್ಯಾರೆಟ್‌ನಲ್ಲಿ ಬೇಗ ಸಡಿಲವಾಗುತ್ತದೆ. 18 ಕ್ಯಾರೆಟ್‌ನಲ್ಲಿ ಕಾಲುಭಾಗ ತಾಮ್ರ, ಬೆಳ್ಳಿಯಂಥ ಲೋಹ ಬೆರೆತಿರುವುದರಿಂದ ಹಲ್ಲು ಬಗ್ಗುವುದಿಲ್ಲ, ಕೊಂಡಿಗಳೂ ಬೇಗ ಸವೆಯುವುದಿಲ್ಲ.

‘ಇಳಿಸುವ’ ಬೇಸರಕ್ಕೆ ಲೆಕ್ಕವೇ ಮದ್ದು. ಕಡಗಗಳು ನಿಜಕ್ಕೂ 916 (ಅಂದರೆ ಸಾವಿರಕ್ಕೆ 916 ಪಾಲು ಅಪ್ಪಟ ಚಿನ್ನವಿರುವ 22 ಕ್ಯಾರೆಟ್) ಆಗಿದ್ದರೆ 40 ಗ್ರಾಂನಲ್ಲಿ ಅಪ್ಪಟ ಚಿನ್ನ ಸುಮಾರು 36.6 ಗ್ರಾಂ, ಅದನ್ನೇ 18 ಕ್ಯಾರೆಟ್ ಮಾಡಿದರೆ 48.8 ಗ್ರಾಂ ಆಗುತ್ತದೆ. ಆದರೆ 40 ಗ್ರಾಂ ಪಡೆದವರು 40 ಗ್ರಾಂನ 18 ಕ್ಯಾರೆಟ್ ಒಡವೆಯನ್ನು ಕೈಗಿಟ್ಟು ‘ತೂಕಕ್ಕೆ ತೂಕ ಸರಿಹೋಯಿತು’ ಎಂದರೆ, 6.6 ಗ್ರಾಂ ಅಪ್ಪಟ ಚಿನ್ನ ನಿಮ್ಮ ಕೈಬಿಟ್ಟಿತೆಂದೇ ಅರ್ಥ. ಹಳೆಯ ಒಡವೆಯನ್ನು 916 ಎಂದು ನಂಬಿಕೊಂಡು ಹೋಗಬೇಡಿ. ಮೊದಲು ಚಿನ್ನದ ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರ್‌ನಲ್ಲಿ ಇಡಿಸಿ.

ಬಳ್ಳಿಗೆರೆ, ಚಿಕ್ಕಮಗಳೂರು

ಒಡವೆ ವಿನ್ಯಾಸ ನನ್ನ ವೃತ್ತಿ. ಹದಿನಾಲ್ಕು ಕಲ್ಲು ಕೈಸುತ್ತಲೂ ಸಾಲದು. 3 ಮಿಲಿಮೀಟರ್ ಅಡ್ಡಳತೆಯ ದುಂಡು ವಜ್ರ ಸುಮಾರು 0.11 ಕ್ಯಾರೆಟ್ ತೂಗುತ್ತದೆ (ವಜ್ರದ ಕ್ಯಾರೆಟ್ ಎಂದರೆ ತೂಕ, ಚಿನ್ನದ್ದರಂತೆ ಶುದ್ಧತೆಯಲ್ಲ). ಅಂಥ ಕಲ್ಲುಗಳು 17 ಸೆಂಟಿಮೀಟರ್ ಸುತ್ತಳತೆಗೆ ಐವತ್ತರ ಆಸುಪಾಸು ಬೇಕು. ನಿಮ್ಮ ಹದಿನಾಲ್ಕನ್ನು ಒತ್ತಾಗಿ ಕೂರಿಸಿದರೆ 5 ಸೆಂಟಿಮೀಟರ್‌ನಷ್ಟಾಗುತ್ತದೆ, ಅಂದರೆ ಮಣಿಕಟ್ಟಿನ ಮೇಲ್ಭಾಗಕ್ಕೆ ಸರಿಯಾಗಿ. ಉಳಿದದ್ದು ಬರೀ ಚಿನ್ನವಿರಲಿ.

ಆದರೆ ಮೇಲಿಟ್ಟ ಕಲ್ಲು ಮೇಲೆಯೇ ನಿಲ್ಲಬೇಕಲ್ಲ? ಮಣಿಕಟ್ಟು ದುಂಡಗಿಲ್ಲ, ಚಪ್ಪಟೆ ಅಂಡಾಕಾರದ್ದು. ದುಂಡು ಕಡಗ ಸುತ್ತಿಕೊಂಡು ಕಲ್ಲುಗಳು ಅಂಗೈ ಕಡೆಗೆ ಇಳಿಯುತ್ತವೆ. ವಿನ್ಯಾಸಕಾರ ಆಲ್ಡೋ ಚಿಪುಲ್ಲೋ 1969ರಲ್ಲಿ ಒಡವೆ ಕಂಪನಿ ಕಾರ್ತಿಯೇಗೆ ರೂಪಿಸಿಕೊಟ್ಟ ‘ಲವ್’ ಬ್ರೇಸ್‌ಲೆಟ್ ಎಂದರೆ ಎಲ್ಲರೂ ಅದರ ತಿರುಪು ಮೊಳೆಗಳನ್ನೇ ನೆನೆಯುತ್ತಾರೆ. ನನಗೆ ಅದರಲ್ಲಿ ಹಿಡಿಸುವುದು ಆ ಅಂಡಾಕಾರ. ಮುಂಭಾಗವನ್ನು ಹಾಗೆ ಬಾಗಿದ ಗಟ್ಟಿ ಪಟ್ಟಿಯಾಗಿ ಮಾಡಿಸಿ, ಹಿಂದಕ್ಕೆ ಸರಪಳಿ ಜೋಡಿಸಿರಿ.

ಹಳೆಯ ಕಲ್ಲುಗಳು ಒಂದಕ್ಕೊಂದು ತದ್ರೂಪವಿರುವುದಿಲ್ಲವಾದ್ದರಿಂದ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಗೂಡುಗಳು ಅವಕ್ಕೆ ಹೊಂದುವುದಿಲ್ಲ. ಪ್ರತಿ ಕಲ್ಲಿಗೂ ಕೈಯಿಂದಲೇ ಗೂಡು ಮಾಡಬೇಕು. ಇಲ್ಲಿ ನಿಮ್ಮ ಹಾಸನದ ಆಚಾರ್ಯರ ಕೈಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಗೂಡಿನ ಹಿಂಬದಿ ತೆರೆದಿರಲಿ, ಸೋಪಿನ ಜಿಡ್ಡನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಬಹುದು. ಓಲೆ ಬಿಚ್ಚುವಾಗ ಎದುರಿಗೇ ಕೂತಿರಿ: ಮುಚ್ಚಿದ ಗೂಡಿನ ತಳದಲ್ಲಿ ಹೊಳಪಿನ ತಗಡು ಇಟ್ಟಿದ್ದರೆ, ಅದು ತೆಗೆದ ಮೇಲೆ ಕಲ್ಲಿನ ನಿಜವಾದ ಬಣ್ಣ ಕಾಣುತ್ತದೆ.

ಬೇಲೂರಿನ ಕೆತ್ತನೆಯ ಬಗ್ಗೆ ಒಂದು ಎಚ್ಚರಿಕೆ. ಆ ಶಿಲ್ಪಿಗಳು ಬಳಪದ ಕಲ್ಲನ್ನು ಒಳಗಿನಿಂದ ಕೊರೆದು, ಬಳ್ಳಿಯ ಹಿಂದೆ ಕತ್ತಲು ನಿಲ್ಲುವಂತೆ ಮಾಡಿದ್ದಾರೆ. ಅದನ್ನು ಚಿನ್ನದಲ್ಲಿ ಹಾಗೆಯೇ ಇಳಿಸಿದರೆ ಸೀರೆಯ ನೂಲು, ಸ್ವೆಟರಿನ ಉಣ್ಣೆ ಎಲ್ಲವೂ ಸಿಕ್ಕಿಕೊಳ್ಳುತ್ತವೆ. ಸುರುಳಿ ಬಳ್ಳಿಯನ್ನಷ್ಟೇ ಆರಿಸಿ, ಪಟ್ಟಿಯ ಎರಡು ತುದಿಗಳಲ್ಲಿ ಆಳವಿಲ್ಲದೆ ಕೆತ್ತಿಸಿ.

ಕೊಕ್ಕೆ, ಅರಸೀಕೆರೆ

ಅಕ್ಕ, ಇಷ್ಟೆಲ್ಲ ಮಾಡಿಸಿ ಕೊಕ್ಕೆಯಲ್ಲಿ ಉಳಿತಾಯ ಮಾಡಬೇಡಿ. ನಾನು ನಗರದ ಅಂಗಡಿಯೊಂದರಲ್ಲಿ ಕೊಂಡ ಬ್ರೇಸ್‌ಲೆಟ್‌ನಲ್ಲಿ ಪೆಟ್ಟಿಗೆಯೊಳಗೆ ನಾಲಿಗೆ ಸಿಕ್ಕುವ ಕೊಕ್ಕೆಯಿತ್ತು. ‘ಟಕ್’ ಎನ್ನುತ್ತಿದ್ದುದು ಎರಡನೆಯ ವರ್ಷ ನಿಂತುಹೋಯಿತು, ನಾನು ಗಮನಿಸಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದಾಗ ಬಾಳೆಲೆಯ ಮೇಲೆ ಬಿತ್ತು. ಬೀದಿಯಲ್ಲಿ ಬಿದ್ದಿದ್ದರೆ ಹೋದ ಹಾಗೆಯೇ. ನಾಲಿಗೆಯ ಜೊತೆಗೆ ಪಕ್ಕದಲ್ಲಿ ಮಡಚುವ ಬೀಗವೂ ಇರಲಿ.

ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ ಮತ್ತು ವಜ್ರದ ಕ್ಯಾರೆಟ್ ಬೇರೆಬೇರೆಯಾಗಿ ಬರೆದಿರಲಿ. ವಜ್ರದ 1 ಕ್ಯಾರೆಟ್ ಎಂದರೆ 0.2 ಗ್ರಾಂ. ಹಾಲ್‌ಮಾರ್ಕ್‌ನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನು (ಪ್ರತಿ ಒಡವೆಗೂ ಬೇರೆಬೇರೆಯಾಗಿರುವ ಗುರುತು ಸಂಖ್ಯೆ) ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಅದು ಚಿನ್ನಕ್ಕೆ ಮಾತ್ರ ಸಾಕ್ಷಿ, ಕಲ್ಲಿಗಲ್ಲ.

ತೋಟದಮನೆ, ಸಕಲೇಶಪುರ

ಎಲ್ಲರಿಗೂ ಧನ್ಯವಾದ. ನಿನ್ನೆ ಹಾಸನಕ್ಕೆ ಹೋಗಿ ಎದುರಿಗೇ ಕೂತು ಬಿಚ್ಚಿಸಿದೆ. ಒಂದು ಕಲ್ಲಿನ ಅಂಚು ಮುಕ್ಕಾಗಿದೆ. ಅದನ್ನು ಕೊನೆಯ ಗೂಡಿನಲ್ಲಿ ಅಂಚು ಮುಚ್ಚುವಂತೆ ಕೂರಿಸುತ್ತಾರಂತೆ. ಕ್ಯಾರೆಟ್ ಮೀಟರ್‌ನಲ್ಲಿ ಕಡಗಗಳು 20 ಕ್ಯಾರೆಟ್‌ಗಿಂತ ಸ್ವಲ್ಪ ಮೇಲೆ ತೋರಿಸಿದವು, ಆದ್ದರಿಂದ ‘ಇಳಿಸುವ’ ಮಾತು ನನ್ನ ಬಾಯಲ್ಲೇ ಉಳಿಯಿತು. ಆಚಾರ್ಯರು 18 ಕ್ಯಾರೆಟ್‌ಗೆ ಒಪ್ಪಿದ್ದಾರೆ. ಕೊಕ್ಕೆಯ ನಕ್ಷೆಯನ್ನು ಮಗಳೇ ಬರೆದುಕೊಟ್ಟಿದ್ದಾಳೆ.