500 ಎಂಜಿ ಮಾತ್ರೆ ಸೆನ್ಸರಲ್ಲಿ 440 ತೋರಿಸ್ತದೆ, ಮಾತ್ರೆ ಡೂಪ್ಲಿಕೇಟಾ?

ಪ್ರಶ್ನೆ (ಎಂಎಸ್ಸಿ ಕೆಮಿಸ್ಟ್ರಿ, ಕೊಣಾಜೆ): ಸರ್, ಪ್ರಾಜೆಕ್ಟಿಗೆ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಗೋಲ್ಡ್ ನ್ಯಾನೋಪಾರ್ಟಿಕಲ್ ಒಂದು ಹನಿ ಬಿಟ್ಟು ಒಣಗಿಸಿ ಪ್ಯಾರಾಸಿಟಮಾಲ್ ಅಳೀತಾ ಇದ್ದೇನೆ. ಪಿಎಚ್ 7 ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದ ಹಾಗೆ ಹಿಡಿದಿಡುವ ದ್ರಾವಣ), ಡಿಪಿವಿ, ಅಂದ್ರೆ ವೋಲ್ಟೇಜನ್ನು ಸಣ್ಣ ಸಣ್ಣ ಪಲ್ಸಲ್ಲಿ ಏರಿಸ್ತಾ ಕರೆಂಟ್ ಅಳೆಯುದು, ಮದ್ದು ಹೆಚ್ಚಿದ್ದಷ್ಟು ಪೀಕ್ ಎತ್ತರ. ಪ್ಯೂರ್ ಸ್ಟ್ಯಾಂಡರ್ಡಿಗೆಲ್ಲ (ಪ್ರಮಾಣ ಗೊತ್ತಿರುವ ಶುದ್ಧ ಪ್ಯಾರಾಸಿಟಮಾಲ್ ದ್ರಾವಣ) ಗ್ರಾಫ್ ಗೆರೆ ಎಳೆದ ಹಾಗೆ ಬಂತು. ಅದಾದ್ಮೇಲೆ ಅದೇ ಎಲೆಕ್ಟ್ರೋಡಲ್ಲಿ ಮೆಡಿಕಲ್ಲಿಂದ ತಂದ 500 ಎಂಜಿ ಮಾತ್ರೆ ನೋಡಿದ್ರೆ ಲೆಕ್ಕ 440ರ ಹತ್ರ ನಿಲ್ತದೆ. ಡೂಪ್ಲಿಕೇಟ್ ಮಾತ್ರೆಯಾ?

ಉತ್ತರ (ಕ್ಯೂಸಿ ಅಂದ್ರೆ ಕ್ವಾಲಿಟಿ ಕಂಟ್ರೋಲ್ ಅನಲಿಸ್ಟ್, ಬೈಕಂಪಾಡಿ): ಮಾತ್ರೆ ಮೇಲೆ ಈಗ್ಲೇ ಗೂಬೆ ಕೂರಿಸ್ಬೇಡಿ ಮಾರಾಯ್ರೆ. "ಅದಾದ್ಮೇಲೆ ಅದೇ ಎಲೆಕ್ಟ್ರೋಡಲ್ಲಿ" ಅಂದ್ರಲ್ಲ, ನನಗೆ ಅಲ್ಲೇ ಡೌಟು. ಪ್ಯಾರಾಸಿಟಮಾಲ್ ಎರಡು ಎಲೆಕ್ಟ್ರಾನ್ ಎರಡು ಪ್ರೋಟಾನ್ ಬಿಟ್ಟು ಕ್ವಿನೋನ್ ಇಮೈನ್ ಆಗ್ತದೆ, ಆ ರಿಯಾಕ್ಷನ್ನಿಂದ ಹುಟ್ಟಿದ್ದು ಸ್ವಲ್ಪ ಸ್ವಲ್ಪವೇ ಎಲೆಕ್ಟ್ರೋಡಿಗೆ ಅಂಟಿಕೊಳ್ತಾ ಹೋಗ್ತದೆ, ಸ್ಟ್ಯಾಂಡರ್ಡ್ ಎಲ್ಲ ಮುಗಿಯುವಷ್ಟರಲ್ಲಿ ಎಲೆಕ್ಟ್ರೋಡ್ ಸುಸ್ತಾಗಿರ್ತದೆ, ಮತ್ತೆ ಮಾತ್ರೆ ಸರದಿ ಬರುವಾಗ ಕರೆಂಟ್ ಎಲ್ಲಿಂದ ಬರ್ಬೇಕು? ಮಾತ್ರೆ ಆದ್ಮೇಲೆ ಮಧ್ಯದ ಒಂದು ಸ್ಟ್ಯಾಂಡರ್ಡ್ ಪುನಃ ಹಾಕಿ ನೋಡಿ. ಪೀಕ್ ಮೊದಲಿಗಿಂತ ಕುಳ್ಳಗಾಗಿದ್ರೆ ತಪ್ಪು ಎಲೆಕ್ಟ್ರೋಡಿನದ್ದು.

ಪ್ರಶ್ನೆ: ಹಾಗಾದ್ರೆ ಅಲ್ಯುಮಿನಾ ಪುಡಿಯಲ್ಲಿ ತಿಕ್ಕಿ ಪಾಲಿಶ್ ಮಾಡ್ಲಾ ಸರ್?

ಉತ್ತರ: ಮಾಡಿದ್ರೆ ಗೋಲ್ಡ್ ಕೂಡ ತಿಕ್ಕಿ ಹೋಗ್ತದಲ್ಲ! ಹೊಸ ಕೋಟಿಂಗ್ ಹಾಕ್ಬೇಕು, ಒಂದು ಹನಿ ಇದ್ದ ಹಾಗೆ ಇನ್ನೊಂದು ಇರುದಿಲ್ಲ, ಅದಕ್ಕೆ ಹೊಸ ಕ್ಯಾಲಿಬ್ರೇಶನ್ನೇ ಬೇಕು, ಅಂದ್ರೆ ಸ್ಟ್ಯಾಂಡರ್ಡ್ ಎಲ್ಲ ಪುನಃ ಅಳೆದು ಗ್ರಾಫ್ ಹಾಕ್ಬೇಕು. ಬದಲಿಗೆ ಪ್ರತಿ ಅಳತೆ ನಡುವೆ ಖಾಲಿ ಬಫರಲ್ಲಿ ಪೀಕ್ ಮಾಯ ಆಗುವವರೆಗೆ ಸ್ಕ್ಯಾನ್ ಓಡಿಸಿ. ಮತ್ತೆ ಸ್ಟ್ಯಾಂಡರ್ಡ್ ಅಡಿಶನ್ ಮಾಡಿ, ಅಂದ್ರೆ ಮಾತ್ರೆ ದ್ರಾವಣಕ್ಕೇ ಗೊತ್ತಿರುವಷ್ಟು ಪ್ಯೂರ್ ಸೇರಿಸ್ತಾ ಅಳೆಯುದು. ಮಾತ್ರೆಯಲ್ಲಿ ಮದ್ದಿನ ಜೊತೆ ಸೇರಿಸುವ ಸ್ಟಾರ್ಚ್, ಸ್ಟಿಯರೇಟ್ ಇಂಥವು ತಾವು ಪೀಕ್ ಕೊಡುದಿಲ್ಲ, ಆದ್ರೆ ಎಲೆಕ್ಟ್ರೋಡಿಗೆ ಅಡ್ಡ ಕೂರ್ತವೆ, ಆ ಪೆಟ್ಟನ್ನು ಇದು ಸರಿ ಮಾಡ್ತದೆ. ನಡುವೆ ಎಲೆಕ್ಟ್ರೋಡ್ ಸುಸ್ತಾಗುದಕ್ಕೆ ಮಾತ್ರ ಇದು ಮದ್ದಲ್ಲ, ಆಯ್ತಾ. ಪಿಎಚ್ ಕೂಡ ನೋಡ್ಕೊಳ್ಳಿ, ಒಂದು ಯೂನಿಟ್ ಏರಿದ್ರೆ ಪೀಕ್ ಬರುವ ವೋಲ್ಟೇಜ್ ಸುಮಾರು 59 ಮಿಲಿವೋಲ್ಟ್ ಕೆಳಗೆ ಜಾರ್ತದೆ. ಒಂದೇ ಮಾತ್ರೆ ಅರೆದು ಹಾಕಿದ್ದಾದ್ರೆ ಅದೂ ಬೇಡ, 20 ಮಾತ್ರೆ ತೂಗಿ ಅರೆದು, ಸರಾಸರಿ ತೂಕದ ಲೆಕ್ಕದಲ್ಲಿ ಪುಡಿ ತೆಗೀರಿ, ಕರಗಿಸಿ ಫಿಲ್ಟರ್ ಮಾಡಿ. ಫಾರ್ಮಕೋಪಿಯಾ (ಮದ್ದಿನ ಗುಣಮಟ್ಟದ ಅಧಿಕೃತ ಪುಸ್ತಕ) ಮಿತಿ ಲೇಬಲಲ್ಲಿ ಬರೆದದ್ದರ 95ರಿಂದ 105 ಪರ್ಸೆಂಟ್, 440 ಅಂದ್ರೆ 88, ಅಷ್ಟು ದೊಡ್ಡ ಮಾತು ಯುವಿಯಲ್ಲಿ (ದ್ರಾವಣ ಎಷ್ಟು ಅತಿನೇರಳೆ ಬೆಳಕು ಹೀರ್ತದೆ ಅಂತ ಅಳೆಯುದು) 257 ನ್ಯಾನೋಮೀಟರಿಗೆ ಒಮ್ಮೆ ತಾಳೆ ನೋಡದೆ ಹೇಳ್ಲಿಕ್ಕಾಗುದಿಲ್ಲ.

ಒಂದು ಮಾತು, ಬೇಜಾರು ಮಾಡ್ಬೇಡಿ. ಮಾತ್ರೆಯಲ್ಲಿ ಮದ್ದು ರಾಶಿ ಇರ್ತದೆ, ಅದಕ್ಕೆ ನ್ಯಾನೋ ಬೇಕು ಅಂತಲೇ ಇಲ್ಲ. ಗೋಲ್ಡಿನ ದೊಡ್ಡ ಮೇಲ್ಮೈಗೆ ನಿಜವಾದ ಬೆಲೆ ಮೂತ್ರ, ಹೊಳೆ ನೀರು ಇಂಥದ್ರಲ್ಲಿ ಚೂರೇ ಚೂರು ಹುಡುಕುವಾಗ. ಥೀಸಿಸಲ್ಲಿ ಅದೂ ಒಂದು ಸ್ಯಾಂಪಲ್ ಸೇರಿಸಿ.

ಪ್ರಶ್ನೆ (ಮೆಡಿಕಲ್ ಶಾಪ್, ಉಡುಪಿ): ಸರ್, ಅಂಗಡಿಯಲ್ಲೇ ಇಟ್ಟು ಡೂಪ್ಲಿಕೇಟ್ ಹಿಡೀಲಿಕ್ಕೆ ಇಂಥ ಮಿಷಿನ್ ಉಂಟಾ?

ಉತ್ತರ: ಕೈಯಲ್ಲಿ ಹಿಡಿಯುವಷ್ಟು ಸಣ್ಣದು, ಸ್ಟ್ರಿಪ್ ಹಾಕುವಂಥದ್ದು ಬರ್ತದೆ, ಶುಗರ್ ಮಿಷಿನ್ನೂ ಇದೇ ಜಾತಿ. ಆದ್ರೆ ಅದು ನೋಡುದು ಆ ವೋಲ್ಟೇಜಿಗೆ ಆಕ್ಸಿಡೈಸ್ ಆಗುವ ವಸ್ತು ಎಷ್ಟುಂಟು ಅಂತ ಮಾತ್ರ, ಮಾತ್ರೆ ಹೊಟ್ಟೆಯಲ್ಲಿ ಸರಿ ಕರಗ್ತದಾ ಅಂತ ಹೇಳುದಿಲ್ಲ. ಡೌಟ್ ಬಂದ್ರೆ ಆ ಬ್ಯಾಚ್ ಮಾರ್ಬೇಡಿ, ಸ್ಟ್ರಿಪ್ಪು ಬಿಲ್ಲು ತೆಗೆದಿಟ್ಟು ಡ್ರಗ್ಸ್ ಇನ್‌ಸ್ಪೆಕ್ಟರಿಗೆ ತಿಳಿಸಿ.